ನೀರಿನ ನಡುವಿನ ಕೊಂಬೆ

ಬೀದಿಯಲ್ಲಿ ನಿಂತೂ ಯಾರ ಕಣ್ಣಿಗೂ ಬೀಳದಿರುವ ವಿದ್ಯೆ ಇಂಚರಳಿಗೆ ಚೆನ್ನಾಗಿ ಒಲಿದಿತ್ತು. ವಾರವೆಲ್ಲ ಅವಳು ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಮೇಲಿನ ಅಕ್ಷರ ತೋರಿಸಿ, "ಕೊನೇ ಸಾಲು ಓದಿ" ಎನ್ನುವುದು ಅವಳ ಕೆಲಸ. ಊರಿನವರಿಗೆಲ್ಲ ಕಣ್ಣು ಕಾಣುವಂತೆ ಮಾಡುತ್ತೇನೆಂಬ ಸಣ್ಣ ಜಂಬವೂ ಅವಳಿಗಿತ್ತು. ಮಂಗಳವಾರ ಅಂಗಡಿಗೆ ರಜೆ. ಅಂದು ಮಾಸಿದ ಬೂದು ಬಣ್ಣದ ಚೂಡಿದಾರ ತೊಟ್ಟು, ಪುಟ್ಟ ಕ್ಯಾಮೆರಾವನ್ನು ಎದೆಯ ಹತ್ತಿರ ಹಿಡಿದುಕೊಂಡು, ಹಳೇ ಪೇಟೆಯ ಬೀದಿಗಳಿಗೆ ಹೊರಟುಬಿಡುತ್ತಿದ್ದಳು.

ಅವಳು ತೆಗೆಯುತ್ತಿದ್ದದ್ದು ಮದುವೆ ಮುಂಜಿಯ ಫೋಟೊ ಅಲ್ಲ. "ಸ್ವಲ್ಪ ನಗಿ" ಅಂದಾಗ ಹಲ್ಲು ಕಿರಿಯುವವರ ಫೋಟೊವೂ ಅಲ್ಲ. ತಮ್ಮ ಪಾಡಿಗೆ ತಾವಿರುವ ಜನರ ಫೋಟೊ. ಗಿರಾಕಿಯೊಡನೆ ಜಗಳವಾಡುತ್ತಾ ತಕ್ಕಡಿ ಎತ್ತಿದ ಹೆಂಗಸು, ನಿಂತಲ್ಲೇ ತೂಕಡಿಸುವ ಕಾವಲುಗಾರ, ಗಂಡನಿಗೆ ಕಾಣದಂತೆ ಬೋಂಡ ತಿನ್ನುವ ಹೆಂಡತಿ. ಕ್ಯಾಮೆರಾ ಕಂಡ ಕೂಡಲೇ ಮನುಷ್ಯ ಸೆಟೆದುಕೊಳ್ಳುತ್ತಾನೆ, ಕಾಣದಿದ್ದಾಗ ಮಾತ್ರ ತಾನು ತಾನಾಗಿರುತ್ತಾನೆ. ಅದಕ್ಕೇ ಅವಳು ಕಂಬದ ಪಕ್ಕದಲ್ಲಿ ಇನ್ನೊಂದು ಕಂಬವಾಗಿ ನಿಲ್ಲುವುದನ್ನು ಕಲಿತಿದ್ದಳು.

ಕಲಿಸಿದವರು ಅಮೀರ್ ಜಾನ್ ಸಾಹೇಬರು. ಹಳೇ ಕಾಲದ ಫೋಟೊ ಸ್ಟುಡಿಯೋ ಅವರದು. ಮಂಡಿನೋವು ಶುರುವಾದ ಮೇಲೆ ಅಂಗಡಿಯ ಕುರ್ಚಿ ಬಿಟ್ಟು ಏಳುವುದೇ ಅವರಿಗೆ ಕಷ್ಟವಾಗಿತ್ತು.

"ನೋಡಮ್ಮ, ಬೀದಿಲಿ ಕಾಣಿಸ್ಕೋಬೇಡ. ಯಾರನ್ನೂ ಮಾತಾಡಿಸ್ಬೇಡ. ಯಾವುದನ್ನೂ ಮುಟ್ಬೇಡ. ಬೀದಿ ಹೆಂಗಿದೆಯೋ ಹಂಗೇ ತಗೋ" ಎಂದು ಅವರು ಮೊದಲ ದಿನವೇ ಹೇಳಿದ್ದರು.

ಮೊದಲ ಎರಡು ಮಾತನ್ನು ಇಂಚರ ವ್ರತದ ಹಾಗೆ ಪಾಲಿಸಿದಳು. ಯಾರಾದರೂ ಊಟ ಆಯ್ತಾ ಎಂದು ಕೇಳಿದರೂ ಉತ್ತರ ಕೊಡದೆ ಬೇರೆ ಕಡೆ ನೋಡುತ್ತಿದ್ದಳು. ಮೂರನೆಯದರಲ್ಲಿ ಮಾತ್ರ ಸ್ವಲ್ಪ ಸಡಿಲ. ಮುಟ್ಟಬೇಡ ಎಂದರೆ ಜನರನ್ನು, ಜನರ ಸಾಮಾನನ್ನು ಮುಟ್ಟಬೇಡ ಎಂದು ಅವಳು ಅರ್ಥ ಮಾಡಿಕೊಂಡಿದ್ದಳು. ಚಿತ್ರಕ್ಕೆ ಅಡ್ಡ ಬಂದ ಪ್ಲಾಸ್ಟಿಕ್ ಲೋಟವನ್ನು ಕಾಲಿನಿಂದ ಸರಿಸಿದ್ದುಂಟು, ಹಾರಿ ಬಂದ ಕಾಗದವನ್ನು ಎತ್ತಿ ಎಸೆದದ್ದುಂಟು. ಕಸ ತೆಗೆದರೆ ಯಾರಿಗೇನು ನಷ್ಟ?

ಒಂದು ಮಂಗಳವಾರ ಹೀಗಾಯಿತು. ಹಿಂದಿನ ರಾತ್ರಿ ಗಾಳಿಮಳೆ ಹೊಡೆದಿತ್ತು. ಬೆಳಿಗ್ಗೆ ಪೇಟೆಯ ತುಂಬ ಮುರಿದ ಕೊಂಬೆ, ಒದ್ದೆ ಎಲೆ. ಗಡಿಯಾರ ಗೋಪುರದ ಹಿಂದೆ ಒಂದು ತಗ್ಗಿನ ಗಲ್ಲಿ. ಒಂದು ಬದಿಗೆ ಉದ್ದನೆಯ ಕಲ್ಲಿನ ಗೋಡೆ, ಇನ್ನೊಂದು ಬದಿಗೆ ಬಾಗಿಲು ಹಾಕಿದ ಹಿಟ್ಟಿನ ಗಿರಣಿ. ನಡುವೆ ಗಲ್ಲಿಯ ಅಗಲಕ್ಕೂ ನೀರು ನಿಂತಿತ್ತು. ಆ ನೀರಿನೊಳಗೆ ಗಡಿಯಾರ ಗೋಪುರ ತಲೆಕೆಳಗಾಗಿ ಮೂಡಿತ್ತು, ಮೋಡದ ಸಮೇತ.

ಇಂಚರ ಗಿರಣಿಯ ಜಗಲಿ ಹತ್ತಿದಳು. ಅವಳ ಕಣ್ಣಿಗೆ ಚಿತ್ರ ಆಗಲೇ ಕಟ್ಟಿತ್ತು. ನೀರಿನಲ್ಲಿ ಗೋಪುರ, ಅದರ ಮೇಲೆ ಯಾರದೋ ಹಾರಿದ ಕಾಲು. ಕಾಲು ನೀರು ಮುಟ್ಟುವ ಮೊದಲಿನ ಆ ಕ್ಷಣ. ಕಾದರೆ ಸಿಕ್ಕೇ ಸಿಗುತ್ತದೆ. ಬೀದಿಯ ಫೋಟೊದವರು ಹೀಗೇ. ಮೊದಲು ಬೆಳಕು ನೋಡುತ್ತಾರೆ, ಜಾಗ ಹಿಡಿಯುತ್ತಾರೆ, ಆಮೇಲೆ ಮೀನು ಕಚ್ಚುವವರೆಗೆ ಗಾಳ ಹಾಕಿ ಕೂತವರಂತೆ ಕಾಯುತ್ತಾರೆ.

ಆದರೆ ಗೋಪುರದ ಬಿಂಬದ ನಟ್ಟನಡುವೆ ಒಂದು ಹೊಂಗೆ ಕೊಂಬೆ ನಿಂತಿತ್ತು. ಬಾಡಿದ ಎಲೆಗಳು, ತುದಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಕವರು. ಅದನ್ನು ನೋಡಿ ಅವಳಿಗೆ ಮೈ ಪರಚಿಕೊಳ್ಳುವಂತಾಯಿತು.

ಅಷ್ಟರಲ್ಲಿ ತಲೆಯ ಮೇಲೆ ಸೊಪ್ಪಿನ ಬುಟ್ಟಿ ಹೊತ್ತ ವಯಸ್ಸಾದ ಹೆಂಗಸೊಬ್ಬಳು ಬಂದಳು. ಹೊಂಬಾಳಮ್ಮ ಎಂದು ಅವಳ ಹೆಸರು. ಕತ್ತು ಬಗ್ಗಿಸುವಂತಿಲ್ಲ, ಬಗ್ಗಿಸಿದರೆ ಬುಟ್ಟಿ ಬೀಳುತ್ತದೆ. ಅವಳು ಕೊಂಬೆಯ ಕಡೆಗೊಮ್ಮೆ ಕಣ್ಣು ಹಾಯಿಸಿ, ಗೋಡೆಯ ಬದಿಗೆ ಸರಿದು ನೀರು ದಾಟಿದಳು. ದಾಟಿದವಳು ನಿಂತು ಇಂಚರಳನ್ನು ಕೇಳಿದಳು.

"ಯಾಕವ್ವ ಅಲ್ಲಿ ನಿಂತಿದ್ದೀಯ? ದಾಟಕ್ಕೆ ಹೆದ್ರಿಕೆನಾ?"

ಇಂಚರ ಮುಖ ತಿರುಗಿಸಿ ಗಿರಣಿಯ ಬೀಗವನ್ನು ನೋಡತೊಡಗಿದಳು. ಮಾತಿಗೆ ಮಾತು ಬೆಳೆದರೆ ಹೋಗಿಬರುವವರೆಲ್ಲ ತನ್ನತ್ತ ನೋಡುತ್ತಾರೆ, ಚಿತ್ರ ಕೆಡುತ್ತದೆ. ಹೊಂಬಾಳಮ್ಮ ಒಂದು ಗಳಿಗೆ ಕಾದು, "ದೊಡ್ಡೋರ ಮನೆ ಮಗು ಇರ್ಬೇಕು" ಎಂದುಕೊಂಡು ತನ್ನ ದಾರಿ ಹಿಡಿದಳು. ಎರಡೇ ಎರಡು ಮಾತು ಆಡಿದ್ದರೂ ಮುಂದಿನದೆಲ್ಲ ತಪ್ಪುತ್ತಿತ್ತು. ಆದರೆ ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ಬೇಡದ ಕಡೆ ಬಳಸುವವರೇ ಜಾಸ್ತಿ.

ಗಲ್ಲಿ ಖಾಲಿಯಾಯಿತು. ಇಂಚರ ಜಗಲಿಯ ಅಂಚಿಗೆ ಕೂತು, ಕೈಯಲ್ಲಿದ್ದ ಛತ್ರಿಯ ಬಾಗಿದ ಹಿಡಿಯನ್ನು ಕೊಂಬೆಗೆ ಸಿಕ್ಕಿಸಿ ಎಳೆದಳು. ಬರಲಿಲ್ಲ. ಗಾಳಿಗೆ ಬಿದ್ದ ಕೊಂಬೆಯಾಗಿದ್ದರೆ ತೇಲಿ ಬರಬೇಕಿತ್ತು. ಇದು ಯಾರೋ ಬೇಕೆಂದೇ ಊರಿದಂತೆ ಗಟ್ಟಿಯಾಗಿ ಕೂತಿತ್ತು. ಅವಳ ಕೈ ಅರೆಕ್ಷಣ ನಿಂತಿತು. ಯಾರನ್ನಾದರೂ ಕೇಳಲೇ? ಗಲ್ಲಿಯ ತುದಿಯಲ್ಲಿ ಪಂಚರ್ ಅಂಗಡಿಯವನು ಬಾಗಿಲು ತೆಗೆಯುತ್ತಿದ್ದ. ಕೇಳಿದರೆ ಅವನು ಬಂದು ನಿಲ್ಲುತ್ತಾನೆ, ಅವನ ಹಿಂದೆ ಇನ್ನಿಬ್ಬರು ಬರುತ್ತಾರೆ, ಅಷ್ಟರಲ್ಲಿ ಬೆಳಕು ಹೋಗುತ್ತದೆ. ಅವಳು ಹಲ್ಲು ಕಚ್ಚಿ ಮತ್ತೊಮ್ಮೆ ಎಳೆದಳು. ಕೊಂಬೆ ಕಿತ್ತು ಬಂತು. ಅದನ್ನು ಜಗಲಿಯ ಮೂಲೆಗೆ ಒರಗಿಸಿದಳು.

ನೀರು ತಿಳಿಯಾಗಿ ಗೋಪುರ ಇಡಿಯಾಗಿ ಕಂಡಿತು. ಅವಳು ಕಾದಳು. ಜನ ಬಂದರು, ಹೋದರು. ಎಲ್ಲರೂ ಗೋಡೆಗೆ ಅಂಟಿಕೊಂಡೇ ಹೋಗುತ್ತಿದ್ದರು. ಒಬ್ಬರಾದರೂ ನಡುವೆ ಬರಬಾರದೇ ಎಂದು ಅವಳು ಒಳಗೊಳಗೇ ಬೈದುಕೊಂಡಳು.

ಕೊನೆಗೆ ಒಬ್ಬಳು ಬಂದಳು. ಶಾಲೆಯ ಸಮವಸ್ತ್ರ, ಬೆನ್ನಿಗೆ ಚೀಲ, ಕೈಯಲ್ಲಿ ಹಳದಿ ಛತ್ರಿ. ಹೊತ್ತಾಗಿತ್ತೋ ಏನೋ, ಓಡಿ ಬಂದವಳು ಗೋಡೆ ಗೀಡೆ ನೋಡದೆ ನೀರಿನ ನಡುವಿಗೇ ಹಾರಿದಳು. ಕ್ಯಾಮೆರಾ ಕ್ಲಿಕ್ ಎಂದಿತು. ಹುಡುಗಿ ಇನ್ನೊಂದು ನೆಗೆತಕ್ಕೆ ಆಚೆ ದಡ ಸೇರಿ ಮಾಯವಾದಳು.

ಇಂಚರ ಪರದೆಯಲ್ಲಿ ನೋಡಿದಳು. ತಲೆಕೆಳಗಾದ ಗೋಪುರ, ಮೇಲೆ ಹಳದಿ ಛತ್ರಿ, ನೀರಿನಿಂದ ಗೇಣು ಮೇಲೆ ಒಂದು ಪುಟ್ಟ ಕಾಲು. ಖುಷಿಗೆ ಅವಳ ಕಣ್ಣಲ್ಲಿ ನೀರೇ ಬಂತು. ಜಗಲಿಯ ಮೇಲೆ ಕೊಂಬೆಯ ಪಕ್ಕ ಮುದುರಿ ಮಲಗಿದ್ದ ಬೆಕ್ಕಿನದ್ದೂ ಒಂದು ಫೋಟೊ ತೆಗೆದುಕೊಂಡು, ಮೆಲ್ಲನೆ ಹಾಡಿಕೊಳ್ಳುತ್ತಾ ಮನೆಗೆ ಹೋದಳು. ಕೊಂಬೆಯ ನೆನಪು ಅವಳಿಗೆ ಬರಲೇ ಇಲ್ಲ.

ಮಧ್ಯಾಹ್ನ ಉಂಡು ಮಲಗಿ ಎದ್ದು ಅವಳು ಊರಿನ ಇನ್ನೊಂದು ತುದಿಯಲ್ಲಿದ್ದ ಸಾಹೇಬರ ಸ್ಟುಡಿಯೋಗೆ ಹೋದಳು. ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ಚಿತ್ರ ನೋಡಿದ ಸಾಹೇಬರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಆಮೇಲೆ ತೊಡೆ ತಟ್ಟಿಕೊಂಡರು.

"ನಲವತ್ತು ವರ್ಷ ಕ್ಯಾಮೆರಾ ಹಿಡ್ದಿದೀನಿ. ಇಂಥದ್ದು ಒಂದು ನಂಗೆ ಸಿಗ್ಲಿಲ್ಲ ನೋಡು. ಉಳಿದಿದ್ದೂ ತೋರ್ಸು."

ಇಂಚರ ಒಂದೊಂದಾಗಿ ತೋರಿಸಿದಳು. ಟಿಫನ್ ಕ್ಯಾರಿಯರ್ ಹಿಡಿದವಳು, ಸೈಕಲ್ ತಳ್ಳುವವನು, ಮಗು ಎತ್ತಿಕೊಂಡವನು. ನೋಡುತ್ತಾ ನೋಡುತ್ತಾ ಸಾಹೇಬರ ಹುಬ್ಬು ಗಂಟಾಯಿತು.

"ಅಲ್ಲಮ್ಮ, ಈ ಜನ ಎಲ್ಲಾ ಯಾಕೆ ಗೋಡೆಗೆ ಅಂಟ್ಕೊಂಡು ಹೋಗ್ತಿದಾರೆ? ನೀರು ಅಷ್ಟು ಇತ್ತಾ?"

"ಇಲ್ಲ ಸಾರ್, ಪಾದ ಮುಳುಗೋಷ್ಟು. ನೋಡಿ, ಅವರ ಕಾಲು ಕಾಣ್ತಿದೆಯಲ್ಲ."

"ಮತ್ತೆ ನಡುವೆ ಯಾಕೆ ಯಾರೂ ಬರ್ತಿಲ್ಲ?"

ಅಷ್ಟರಲ್ಲಿ ಬೆಕ್ಕಿನ ಫೋಟೊ ಬಂತು. ಬೆಕ್ಕಿನ ಪಕ್ಕದಲ್ಲಿ ಒರಗಿದ ಕೊಂಬೆ. ಇಂಚರ ಸುಮ್ಮನೆ ನೋಡಿದಳು, ಮತ್ತೆ ನೋಡಿದಳು. ಅವಳ ಕೈ ತಾನಾಗಿಯೇ ಚಿತ್ರವನ್ನು ದೊಡ್ಡದು ಮಾಡಿತು. ಕೊಂಬೆ ಹೆಚ್ಚುಕಡಿಮೆ ಆಳುದ್ದ ಇತ್ತು. ಬುಡದಿಂದ ಅರ್ಧಕ್ಕೂ ಮೇಲಿನವರೆಗೆ ಕಪ್ಪು ಕೊಚ್ಚೆ ಮೆತ್ತಿಕೊಂಡಿತ್ತು.

ಪಾದ ಮುಳುಗುವ ನೀರಿನಲ್ಲಿ ನಿಂತಿದ್ದ ಕೊಂಬೆಗೆ ಸೊಂಟದ ಎತ್ತರಕ್ಕೆ ಕೊಚ್ಚೆ ಹೇಗೆ ಮೆತ್ತಿತು?

ಅವಳು ಪರದೆಯಿಂದ ಹಿಂದೆ ಸರಿದಳು.

"ಸಾರ್... ಈ ಕೊಂಬೆ ನೀರಿನ ನಡುವೆ ಇತ್ತು. ನಾನೇ ಕಿತ್ತಿಟ್ಟೆ."

ಸಾಹೇಬರ ಮುಖದ ಬಣ್ಣ ಇಳಿಯಿತು. "ಯಾ ಅಲ್ಲಾ! ಅದು ಗುಂಡಿಗೆ ನೆಟ್ಟಿದ್ದು ಕಣಮ್ಮ. ಚರಂಡಿ ಮುಚ್ಚಳ ಒಡೆದೋಗಿರುತ್ತೆ. ಜನ ಬೀಳ್ದೇ ಇರ್ಲಿ ಅಂತ ಯಾರೋ ಪುಣ್ಯಾತ್ಮರು ನೆಟ್ಟಿರ್ತಾರೆ. ಓಡು. ಶಾಲೆ ಬಿಡೋ ಹೊತ್ತು. ಆ ಮಗು ಅದೇ ದಾರೀಲಿ ಬರುತ್ತೆ."

ಇಂಚರ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಕ್ಯಾಮೆರಾ ಕೊರಳಲ್ಲೇ ಇತ್ತು. ಎದುರು ಸಿಕ್ಕ ಆಟೋ ಹತ್ತಿ, "ಗಡಿಯಾರ ಗೋಪುರ, ಬೇಗ" ಎಂದಳು. ಎಂದದ್ದೇ ತಡ, ಮಳೆ ಶುರುವಾಯಿತು. ಬೆಳಗಿನ ನೀರಿಗೆ ಈಗ ಇನ್ನಷ್ಟು ನೀರು ಸೇರುತ್ತದೆ. ಬೆಳಿಗ್ಗೆ ಪಾದ ಮುಳುಗುತ್ತಿದ್ದಲ್ಲಿ ಈಗ ಮಂಡಿ ಮುಳುಗಬಹುದು. ಗುಂಡಿ ಯಾವುದು, ರಸ್ತೆ ಯಾವುದು, ದೇವರಿಗೂ ಗೊತ್ತಾಗದು.

ಸರ್ಕಲ್ಲಿನಲ್ಲಿ ಗಾಡಿಗಳು ಹಿಂದೆಮುಂದೆ ಸಿಕ್ಕಿಹಾಕಿಕೊಂಡಿದ್ದವು.

"ಅಣ್ಣಾ, ಹೇಗಾದರೂ ಮಾಡಿ ಹೋಗಿ."

"ಹಾರ್ಕೊಂಡು ಹೋಗಕ್ಕೆ ನಂಗೇನ್ ರೆಕ್ಕೆ ಐತಾ ತಾಯಿ?" ಎಂದ ಆಟೋದವನು.

ಅವಳ ಕಣ್ಣ ಮುಂದೆ ಆ ಚಿತ್ರ ಬಂತು. ಬೆಳಿಗ್ಗೆಯಿಂದ ಎಷ್ಟು ಸಲ ನೋಡಿ ಹಿಗ್ಗಿದ್ದಳೋ ಅದೇ ಚಿತ್ರ. ಗೇಣು ಮೇಲೆ ನಿಂತ ಆ ಪುಟ್ಟ ಕಾಲು. ಬೆಳಿಗ್ಗೆ ಅದು ಗುಂಡಿಯ ಅಂಚಿಗೆ ಇಳಿದಿತ್ತು. ಈಗ ಎಲ್ಲಿಗೆ ಇಳಿಯುತ್ತದೆ? ಕೈಗೆ ಸಿಕ್ಕ ನೋಟನ್ನು ಆಟೋದ ಸೀಟಿನ ಮೇಲೆ ಎಸೆದು ಇಳಿದು ಓಡತೊಡಗಿದಳು.

ಬರಿಗಾಲಿಗೆ ಕಲ್ಲು ಒತ್ತಿದ್ದು, ಯಾರೋ ಬೈದದ್ದು, ಮಳೆ ಮುಖಕ್ಕೆ ರಾಚಿದ್ದು ಒಂದೂ ಅವಳಿಗೆ ಗೊತ್ತಾಗಲಿಲ್ಲ. ಜೀವ ಬಾಯಿಗೆ ಬಂದಿತ್ತು. ದೂರದಲ್ಲಿ ಶಾಲೆಯ ಗಂಟೆ ಢಣಢಣ ಹೊಡೆಯಿತು. ಮಕ್ಕಳು ಹೋ ಎಂದು ಕೂಗಿದ್ದು ಕೇಳಿಸಿತು. ದೇವರೇ, ಆ ಮಗುವಿಗೆ ಏನೂ ಆಗದಿರಲಿ, ನನ್ನ ಕಣ್ಣು ಬೇಕಾದರೆ ತಗೋ ಎಂದು ಅವಳು ಗಟ್ಟಿಯಾಗಿಯೇ ಹೇಳಿಕೊಂಡು ಓಡಿದಳು.

ಗಲ್ಲಿಯ ಬಾಯಲ್ಲಿ ಜನ ಗುಂಪುಗಟ್ಟಿದ್ದರು.

ಗೋಡೆ ಹಿಡಿದುಕೊಂಡು ಇಂಚರ ಒಬ್ಬನನ್ನು ಕೇಳಿದಳು, "ಏನಾಯ್ತು?"

"ಯಾರೋ ಗುಂಡಿಗೆ ಬಿದ್ರಂತೆ" ಎಂದ ಅವನು, ತಿರುಗಿಯೂ ನೋಡದೆ. ಅವನು ಮೊಬೈಲನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ. ಅವನೊಬ್ಬನೇ ಅಲ್ಲ, ಮುಂದಿನ ಸಾಲಿನವರೆಲ್ಲ ಹಾಗೇ ಎತ್ತಿ ಹಿಡಿದಿದ್ದರು. ಆ ಕೈಗಳ ಸಂದಿಯಲ್ಲಿ ಅವಳಿಗೆ ಕೆಂಚು ನೀರು ಕಂಡಿತು. ನೀರಿನ ಮೇಲೆ ಹಳದಿ ಛತ್ರಿಯೊಂದು ಅಂಗಾತ ಬಿದ್ದು ಮೆಲ್ಲಗೆ ತಿರುಗುತ್ತಿತ್ತು.

ಇಂಚರ ಚೀರಿದಳೋ ಇಲ್ಲವೋ ಅವಳಿಗೇ ತಿಳಿಯದು. ಸಿಕ್ಕಸಿಕ್ಕವರನ್ನು ನೂಕಿಕೊಂಡು ಮುಂದೆ ಹೋದಳು.

ನೀರಿನ ನಡುವೆ ಹೊಂಬಾಳಮ್ಮ ನಿಂತಿದ್ದಳು. ಮಂಡಿಯವರೆಗೆ ನೀರು, ಮೈಯೆಲ್ಲ ಕೊಚ್ಚೆ. ಕೊಂಬೆ ಇದ್ದ ಜಾಗದ ಪಕ್ಕದಲ್ಲೇ, ಎರಡೂ ಕೈ ಚಾಚಿ, ಅಲ್ಲಾಡದೆ ನಿಂತಿದ್ದಳು. ಸೀರೆಯ ನೆರಿಗೆಯ ಬಳಿ ನೀರು ಕೆಂಪಾಗಿತ್ತು. ಶಾಲೆ ಮಕ್ಕಳು ಬರುತ್ತಿದ್ದಂತೆ, "ಗೋಡೆ ಬದಿ! ಗೋಡೆ ಬದಿ ಹೋಗ್ರವ್ವ!" ಎಂದು ಕೂಗುತ್ತಿದ್ದಳು. ಕೂಗಿ ಕೂಗಿ ಅವಳ ಗಂಟಲು ಕಟ್ಟಿಹೋಗಿತ್ತು. ಆ ಪುಟ್ಟ ಹುಡುಗಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಗಾಳಿಗೆ ಹಾರಿಹೋದ ಛತ್ರಿಗಾಗಿ ಅಳುತ್ತಿದ್ದಳು. ಅವಳ ಮೈಮೇಲೆ ಒಂದು ಗೀರೂ ಇರಲಿಲ್ಲ.

ನಡೆದದ್ದು ಇಷ್ಟು. ಹೊಂಬಾಳಮ್ಮ ಸೊಪ್ಪು ಮಾರಿ ವಾಪಸು ಬರುವಾಗ, ಎಂದಿನಂತೆ ಕೊಂಬೆಗಾಗಿ ಕಣ್ಣಾಡಿಸಿದ್ದಳು. ಕೊಂಬೆ ಕಾಣಲಿಲ್ಲ. ಗುಂಡಿ ಇನ್ನೂ ಮುಂದಿದೆ ಎಂದುಕೊಂಡು ಹೆಜ್ಜೆ ಇಟ್ಟಳು. ಸೊಂಟದವರೆಗೆ ಒಳಗೆ ಇಳಿದುಹೋದಳು. ಒಡೆದ ಮುಚ್ಚಳದ ಅಂಚು ಮೊಣಕಾಲಿನ ಕೆಳಗೆ ಸೀಳಿತು. ಖಾಲಿ ಬುಟ್ಟಿ ಗುಂಡಿಯ ಬಾಯಿಗೆ ಅಡ್ಡ ಬಿದ್ದದ್ದರಿಂದ ಹಿಡಿದುಕೊಳ್ಳಲು ಏನೋ ಒಂದು ಸಿಕ್ಕಿತು. ಪಂಚರ್ ಅಂಗಡಿಯ ನಾಸಿರ್ ಓಡಿಬಂದು ಮೇಲೆಳೆದ. ಅವನು ನೆಡಲು ಕಂಬ ಹುಡುಕಿಕೊಂಡು ಹೋದ ಹೊತ್ತಿಗೆ ಶಾಲೆಯ ಗಂಟೆ ಹೊಡೆಯಿತು. ಜಗಲಿಯ ಮೇಲಿದ್ದ ಕೊಂಬೆಯನ್ನು ಯಾರೋ ಸೌದೆಗೆಂದು ಆಗಲೇ ಒಯ್ದಿದ್ದರು. ಬೇರೆ ಏನೂ ತೋಚದೆ ಹೊಂಬಾಳಮ್ಮ ತಾನೇ ಹೋಗಿ ನಿಂತಿದ್ದಳು.

"ಆ ಕೊಂಬೆ ನಾನೇ ನೆಟ್ಟಿದ್ದೆ" ಎಂದು ಅವಳು ಗುಂಪಿನ ಕಡೆ ನೋಡಿ ಹೇಳುತ್ತಿದ್ದಳು. "ಯಾರೋ ಪಾಪಿಗಳು ಕಿತ್ತಾಕವ್ರೆ. ಅವರ ಮನೆ ಒಲೆ ಆರೋಗ!"

ಇಂಚರ ಹಾಗೇ ನಿಂತಳು. ಒಂದು ಭಯ ಹೋಗಿ ಇನ್ನೊಂದು ಭಯ ಬಂದಿತ್ತು. ಕೊಂಬೆ ಕಿತ್ತದ್ದನ್ನು ಯಾರೂ ನೋಡಿಲ್ಲ. ಕಾಣಿಸಿಕೊಳ್ಳದಿರುವ ವಿದ್ಯೆ ಅವಳಿಗೆ ಅಷ್ಟು ಚೆನ್ನಾಗಿ ಗೊತ್ತು. ಸುಮ್ಮನೆ ಎರಡು ಹೆಜ್ಜೆ ಹಿಂದೆ ಸರಿದರೆ ಗುಂಪಿನಲ್ಲಿ ಕರಗಿಹೋಗಬಹುದು. ಬಾಯಿ ಬಿಟ್ಟರೆ ಈ ಜನ ಬಿಡುತ್ತಾರೆಯೇ? ಹೊಡೆದರೂ ಹೊಡೆದಾರು. ಆಗ ಹೊಂಬಾಳಮ್ಮನ ಕಾಲು ಕುಸಿಯಿತು. ಬೀಳುವವಳು ಹೇಗೋ ಸಾವರಿಸಿಕೊಂಡು ಮತ್ತೆ ಕೈ ಚಾಚಿದಳು.

"ನಾನು" ಎಂದಳು ಇಂಚರ. "ಕೊಂಬೆ ಕಿತ್ತಿದ್ದು ನಾನು."

ಎಲ್ಲರೂ ತಿರುಗಿ ನೋಡಿದರು. ಎತ್ತಿದ ಮೊಬೈಲುಗಳೂ ಅವಳ ಕಡೆಗೆ ತಿರುಗಿದವು. ಹೊಂಬಾಳಮ್ಮ ಕಣ್ಣು ಕಿರಿದು ಮಾಡಿ ನೋಡಿದಳು.

"ಬೆಳಿಗ್ಗೆ ಜಗಲಿ ಮೇಲೆ ನಿಂತಿದ್ದೋಳಲ್ವಾ ನೀನು? ಯಾಕವ್ವ ಕಿತ್ತೆ?"

"ಫೋಟೊಗೆ ಅಡ್ಡ ಬರ್ತಿತ್ತು."

ಹೇಳಿದ ಮೇಲೆ ಆ ಮಾತು ಅವಳ ಕಿವಿಗೇ ಅಸಹ್ಯವಾಗಿ ಕೇಳಿಸಿತು. ಗುಂಪಿನಲ್ಲಿ ಯಾರೋ, "ನಾಲ್ಕು ಬಿಡ್ರೋ ಇವಳಿಗೆ" ಎಂದರು. ಇನ್ಯಾರೋ ಅವಳ ತೋಳಿಗೆ ಕೈ ಹಾಕಿದರು.

"ಬಿಡಪ್ಪ ಅವಳನ್ನ" ಎಂದಳು ಹೊಂಬಾಳಮ್ಮ. "ಹೊಡೆದ್ರೆ ಗುಂಡಿ ಮುಚ್ಚೋಯ್ತದಾ? ಬಾರವ್ವ ಇಲ್ಲಿ. ನಂಗೆ ಕಾಲು ಸೋತೋಯ್ತು. ನೀನು ನಿಂತ್ಕೋ."

ಇಂಚರ ಕೊರಳಿನಿಂದ ಕ್ಯಾಮೆರಾ ತೆಗೆದು ಜಗಲಿಯ ಮೇಲಿಟ್ಟು ನೀರಿಗಿಳಿದಳು. ಒಂದೊಂದು ಹೆಜ್ಜೆಯನ್ನೂ ತಡವಿ ತಡವಿ ಇಟ್ಟಳು. ಹೊಂಬಾಳಮ್ಮ ಅವಳ ಕೈ ಹಿಡಿದು, "ಇಲ್ಲಿ ಒಂದು ಕಾಲು, ಇಲ್ಲೊಂದು. ಆ ಕಡೆ ಇಡಬೇಡ" ಎಂದು ನಿಲ್ಲಿಸಿದಳು. ಕಾಲ್ಬೆರಳ ತುದಿಗೆ ಒಡೆದ ಮುಚ್ಚಳದ ಅಂಚು ತಾಗಿತು. ಅದರಾಚೆ ಏನೂ ಇರಲಿಲ್ಲ. ನೀರು ಅವಳ ಹಿಮ್ಮಡಿಯನ್ನು ಆ ಕಡೆಗೇ ಸೆಳೆಯುತ್ತಿತ್ತು. ಬೆಳಿಗ್ಗೆ ಮೋಡ, ಗೋಪುರ ಕಂಡಿದ್ದ ಅದೇ ನೀರು. ಇಬ್ಬರು ಬಂದು ಹೊಂಬಾಳಮ್ಮನನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಟರು. ಹೋಗುವಾಗ ಅವಳು ತಿರುಗಿ ತಿರುಗಿ ನೋಡುತ್ತಿದ್ದದ್ದು ಇಂಚರಳನ್ನಲ್ಲ, ಗಲ್ಲಿಗೆ ಬರುತ್ತಿದ್ದ ಮಕ್ಕಳನ್ನು.

ಇಂಚರ ಕೈ ಚಾಚಿ ನಿಂತಳು. ಮಕ್ಕಳ ಇನ್ನೊಂದು ಗುಂಪು ಕುಣಿಯುತ್ತಾ ಗಲ್ಲಿಗೆ ನುಗ್ಗಿತು. ಅವರಲ್ಲೊಬ್ಬ ಪೋರ ನೀರು ಕಂಡದ್ದೇ ನೇರ ನಡುವಿಗೆ ಓಡಿಬಂದ.

"ಗೋಡೆ ಬದಿ ಹೋಗು!" ಎಂದು ಇಂಚರ ಗಲ್ಲಿ ಅದುರುವಂತೆ ಕೂಗಿದಳು.

ಪೋರ ಗಕ್ಕನೆ ನಿಂತು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ನೀವ್ಯಾಕೆ ಮಳೇಲಿ ಹಿಂಗೆ ನಿಂತಿದೀರ ಅಕ್ಕ?"

"ಇಲ್ಲಿ ಗುಂಡಿ ಇದೆ ಮರಿ. ಇಲ್ಲಿದ್ದ ಗುರುತನ್ನು ನಾನೇ ಕಿತ್ತುಬಿಟ್ಟೆ. ನೀನು ಆ ಕಡೆಯಿಂದ ಹೋಗು."

ಅವನು ಗೋಡೆಯ ಬದಿಗೆ ಸರಿದು ಹೋದ. ನಾಸಿರ್ ಕಂಬ ಹೊತ್ತು ತಂದು, ನೆಟ್ಟು, ಅಲ್ಲಾಡಿಸಿ ನೋಡಿ, "ಇನ್ನು ಬನ್ನಿ" ಎಂದು ಕರೆಯುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.

ನೀತಿ: ನಮ್ಮ ಕಣ್ಣಿಗೆ ಅಂದಗೆಡಿಸುವಂತೆ ಕಂಡದ್ದು ಇನ್ನೊಬ್ಬರ ಜೀವಕ್ಕೆ ಕಾವಲಾಗಿರಬಹುದು. ಯಾಕಿದೆ ಎಂದು ಕೇಳದೆ ಯಾವುದನ್ನೂ ಕೀಳಬೇಡಿ. ಕಿತ್ತದ್ದಾದರೆ, ಅದರ ಜಾಗದಲ್ಲಿ ನೀವೇ ಹೋಗಿ ನಿಲ್ಲಿ.